ಅರ್ಧಕ್ಕೆ ನಿಲ್ಲಿಸಿದ ಗುಳಿಗೆ

ಅತ್ತೆ ಮಗ್ಗದಲ್ಲಿ ಕೂತಾಗ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಇಳಕಲ್ಲಿನ ನಮ್ಮ ಮನೆಯ ನಡುಕೋಣೆಯಲ್ಲಿ ನೆಲಕ್ಕೆ ಕುಣಿ ತೋಡಿ ಹೂಡಿದ ಮಗ್ಗ ಅದು. ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ಸೀರೆ ನೇಯುತ್ತಿದ್ದರು. ಚೊಳಚಗುಡ್ಡದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಬೆರಗಿನಿಂದ ನೋಡುತ್ತಿದ್ದದ್ದು ಅವರ ಕೈಗಳನ್ನು. ನೇಯುವವರಿಗೆ ಕಾಲೂ ಕೈಯಷ್ಟೇ ಮುಖ್ಯ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಅದೂ ಒಂದು ಔಷಧದ ದೆಸೆಯಿಂದ.

ಆ ವರ್ಷ ಬೇಸಿಗೆಯ ಮೊದಲಲ್ಲೇ ಅವರಿಗೆ ಜ್ವರ ಬಂತು. ಮೊದಲು ಉರಿಮೂತ್ರ ಎಂದರು. ಊರ ಬಿಸಿಲಿಗೆ ಅದು ಎಲ್ಲರಿಗೂ ಆಗುವುದೇ ಎಂದು ಸಬ್ಬಕ್ಕಿ ಗಂಜಿ, ಎಳನೀರು ಕುಡಿಸಿದೆವು. ಆಮೇಲೆ ಬೆನ್ನಿನ ಒಂದು ಪಕ್ಕೆ ಹಿಡಿದುಕೊಂಡಿತು. ಹತ್ತಿರದ ದವಾಖಾನೆಯಲ್ಲಿ ಕೊಟ್ಟ ಗುಳಿಗೆ ನುಂಗಿದರೂ ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಕಲಿಸುವ ಹುನಗುಂದದ ಶಾಲೆಗೆ ಹೊರಡುವ ಹೊತ್ತಿನಲ್ಲಿ ಅವರು ಗಡಗಡ ನಡುಗತೊಡಗಿದರು. ಕೌದಿಯ ಮೇಲೆ ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಹೊರಗೆ ಸುಡುವ ಬಿಸಿಲು. ಪವರ್‌ಲೂಮ್ ಶೆಡ್ಡಿಗೆ ಹೋಗಿದ್ದ ನನ್ನ ಗಂಡನನ್ನು ಕರೆಸಿ, ಗಾಡಿ ಮಾಡಿಕೊಂಡು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು.

ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು. ದಾಖಲು ಮಾಡಿಕೊಂಡು ಇಂಜೆಕ್ಷನ್ ಸುರುಮಾಡಿದರು. ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು, ನಮ್ಮ ಕಡೆಯವರೇ. ಮೂತ್ರವನ್ನು ಪರೀಕ್ಷೆಗೆ ಕಳಿಸಿ, ಯಾವ ರೋಗಾಣು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುವವರೆಗೆ ಕಾದರು. ವರದಿ ಬಂದಾಗ ನಮ್ಮಿಬ್ಬರನ್ನೂ ಅತ್ತೆಯ ಮಂಚದ ಹತ್ತಿರಕ್ಕೇ ಕರೆದರು. ಅಷ್ಟರಲ್ಲಿ ಜ್ವರ ಇಳಿದಿತ್ತು, ಅತ್ತೆ ದಿಂಬಿಗೆ ಒರಗಿ ಕೂತಿದ್ದರು.

"ದಿನಾ ಕೊಡೂ ಗುಳಿಗಿ ಯಾವೂ ಇದಕ್ಕ ನಡೆಂಗಿಲ್ಲ," ಎಂದರು ಡಾಕ್ಟರು. "ನುಂಗೂ ಔಷಧದಾಗ ಉಳಿದದ್ದು ಸಿಪ್ರೊಫ್ಲಾಕ್ಸಾಸಿನ್ ಒಂದ. ಛಲೋ ಔಷಧ. ಆದ್ರ ಅದನ್ನ ಕೊಡೂ ಮೊದಲ ನಾ ಒಂದಿಷ್ಟು ಕೇಳಬೇಕು. ಅವ್ವಾರ, ಖರೆ ಖರೆ ಹೇಳ್ರಿ."

ಸಕ್ಕರೆ ಕಾಯಿಲೆ ಇದೆಯೇ, ಎದೆ ಬಡಿತದ ತೊಂದರೆ ಇದೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಕೇಳಿದರು. ಅತ್ತೆ ಎಲ್ಲಕ್ಕೂ ಇಲ್ಲ ಎಂದು ತಲೆಯಾಡಿಸಿದರು. ಬೇರೆ ಯಾವುದಾದರೂ ಗುಳಿಗೆ ತಗೊಳ್ಳುತ್ತೀರಾ ಎಂದಾಗ ಮಾತ್ರ ಅವರು ನನ್ನ ಮುಖ ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. ನಂತರ ಎಲೆ ಅಡಿಕೆಯ ಚೀಲಕ್ಕೆ ಕೈಹಾಕಿ ಒಂದು ಗುಳಿಗೆ ಪಟ್ಟಿ ತೆಗೆದರು.

"ಮೊಣಕಾಲು ಭಾಳ ಹಿಡದಾಗ ಒಂದ ನುಂಗ್ತೇನ್ರಿ. ನುಂಗಿದ್ರ ಹೂವಿನಂಗ ಹಗೂರ ಆಕ್ಕಾವ."

"ಯಾರು ಕೊಟ್ರು?"

"ಓಣ್ಯಾಗ ಎಲ್ಲಾರೂ ತಗೋತಾರ್ರಿ."

ಡಾಕ್ಟರು ಪಟ್ಟಿ ತಿರುಗಿಸಿ ನೋಡಿ, ಇದು ಸ್ಟೆರಾಯ್ಡ್ ಎಂದರು. ನಾನು ಆ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ನನಗೆ ಗೊತ್ತಿರಲಿಲ್ಲ. ಡಾಕ್ಟರು ಸಿಟ್ಟಾಗಲಿಲ್ಲ. ಎಷ್ಟು ಸಲ ತಗೊಳ್ಳುತ್ತೀರಿ ಎಂದು ಬಿಡಿಸಿ ಬಿಡಿಸಿ ಕೇಳಿದರು. ದಿನವೂ ತಿನ್ನುತ್ತಿದ್ದರೆ ಅದನ್ನು ಒಮ್ಮೆಲೇ ಬಿಡಿಸುವುದೂ ಅಪಾಯವಂತೆ. ಅಪರೂಪಕ್ಕೆ ಎಂದು ಖಾತ್ರಿಯಾದ ಮೇಲೆ, ಇನ್ನು ಮುಟ್ಟಬೇಡಿ ಎಂದರು. ಆಮೇಲೆ ಹೊದಿಕೆ ಸರಿಸಿ ಅತ್ತೆಯ ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನು ಎರಡು ಬೆರಳಿನಿಂದ ಹಿಡಿದು ತೋರಿಸಿದರು.

"ಮೀನಗಂಡಾನ ಹಿಮ್ಮಡಿಗೆ ಕಟ್ಟಿದ ಹಗ್ಗ ಇದು. ಈ ಔಷಧ ಕೆಲವೊಬ್ಬರಿಗೆ ಈ ಹಗ್ಗಕ್ಕ ಬಾವು ತರ್ತೈತಿ, ಒಮ್ಮೊಮ್ಮೆ ಹರದೂ ಬಿಡ್ತೈತಿ. ಎಲ್ಲಾರಿಗೂ ಆಗೂದಿಲ್ಲ, ಭಾಳ ಕಡಿಮಿ ಮಂದಿಗೆ. ಆದ್ರ ವಯಸ್ಸಾದವರಿಗೆ, ಇಂಥಾ ಗುಳಿಗಿ ತಿಂದವರಿಗೆ ಹೆಚ್ಚು. ಅದಕ್ಕ ಇದನ್ನ ನೆಗಡಿ, ಕೆಮ್ಮಿಗೆ ಕೊಡಬಾರದು. ನಿಮಗ ಯಾಕ ಕೊಡಾಕತ್ತೇನಿ ಅಂದ್ರ ಬ್ಯಾನಿ ದೊಡ್ಡದೈತಿ, ನುಂಗಾಕ ಬ್ಯಾರೆ ದಾರಿ ಇಲ್ಲ. ಬ್ಯಾಡಂದ್ರ ಇಂಜೆಕ್ಷನ್ ಮುಂದುವರಸೋಣು, ಇಲ್ಲೇ ಇರಬೇಕಾಕ್ಕೈತಿ."

ಸೂಜಿ ಚುಚ್ಚಲು ರಕ್ತನಾಳ ಸಿಗದೆ ಅತ್ತೆಯ ಎರಡೂ ಕೈ ಕಂದಿಹೋಗಿದ್ದವು. ಅವರು ಕೈ ನೋಡಿಕೊಂಡರು, ಕಾಲು ನೋಡಿಕೊಂಡರು.

"ಗುಳಿಗಿನ ಕೊಡ್ರಿ," ಎಂದರು. "ಆದ್ರ ಕಾಲು ಹೋದ್ರ ನನ್ನ ಮಗ್ಗ ಹೋತ್ರಿ."

"ಅದಕ್ಕ ಹೇಳಾಕತ್ತೇನ್ರಿ. ಹಿಮ್ಮಡಿ ಹಿಂದ ಸ್ವಲ್ಪ ನೋವು, ಬಾವು ಬಂದ್ರೂ ಮುಂದಿನ ಗುಳಿಗಿ ನುಂಗಬ್ಯಾಡ್ರಿ, ನಮಗ ಫೋನ್ ಮಾಡ್ರಿ. ಕೈಕಾಲು ಜುಮುಜುಮು ಅಂದ್ರೂ, ತಲಿ ಗೊಂದಲ ಆದ್ರೂ, ಎದಿ ಡವಡವ ಅಂದ್ರೂ ಅಷ್ಟ. ಮತ್ತ ಗುಳಿಗಿ ಮುಗಿಯೂತನಾ ಮಗ್ಗ ತುಳಿಯೂದು ಬಂದ್."

ಮನೆಗೆ ಬಂದ ಮೇಲೆ ನಾನು ಎಚ್ಚರದಿಂದಲೇ ನಡೆಸಿದೆ. ಅತ್ತೆಗೆ ಗುಳಿಗೆಯನ್ನು ಹಾಲಿನ ಜೊತೆ ನುಂಗುವ ರೂಢಿ. ಹಾಲು, ಮಜ್ಜಿಗೆಯ ಜೊತೆ ಬೇಡ, ಬರೀ ನೀರಿನಲ್ಲಿ, ಅದೂ ತುಂಬಿದ ಚೊಂಬು ಎಂದಿದ್ದರು ಡಾಕ್ಟರು. ಎಲುಬಿಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ ಗುಳಿಗೆಯನ್ನೂ, ಎದೆಯುರಿಗೆ ಕುಡಿಯುವ ಬಿಳಿ ಔಷಧವನ್ನೂ ಸದ್ಯಕ್ಕೆ ನಿಲ್ಲಿಸಿಟ್ಟೆವು. ಅವು ಈ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ಮೈಗೆ ಹತ್ತಗೊಡುವುದಿಲ್ಲವಂತೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಎಂದದ್ದರಿಂದ ಹಪ್ಪಳ ಒಣಗಿಸುವ ನೆಪದಲ್ಲೂ ಅವರನ್ನು ಮಾಳಿಗೆ ಹತ್ತಗೊಡಲಿಲ್ಲ.

"ಜೈಲಿಗೆ ಹಾಕೀರಿ ನನ್ನ," ಎಂದು ಅವರು ಮಗನ ಹತ್ತಿರ ದೂರು ಹೇಳಿದರು. ಆದರೆ ಉಣ್ಣತೊಡಗಿದರು, ಬೈಯತೊಡಗಿದರು, ಮುಖಕ್ಕೆ ಕಳೆ ಬಂತು. ಜ್ವರ ಮತ್ತೆ ತಲೆಯೆತ್ತಲಿಲ್ಲ. ಆರಾಮಾದರು ಎಂದೇ ನಾವು ತಿಳಿದೆವು, ಅವರೂ ಹಾಗೆಯೇ ತಿಳಿದರು. ತೊಂದರೆ ಆದದ್ದು ಅಲ್ಲೇ.

ಒಂದು ಸಂಜೆ ನಾನು ಹುನಗುಂದದಿಂದ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.

"ಅತ್ತಿ, ಯಾಕ್ರಿ ಹಂಗ ನಡೀತೀರಿ?"

"ಕುಂತು ಕುಂತು ಕಾಲು ಜಡ್ಡ ಹಿಡದಾವ. ನಿನ್ನ ಕಾವಲಿನ ಫಲ."

ಮಗ್ಗದ ಕಡೆ ನೋಡಿದೆ. ಬೆಳಿಗ್ಗೆ ಹೋಗುವಾಗ ಇದ್ದ ಅಂಚಿಗಿಂತ ಸೀರೆ ಮುಂದೆ ಬಂದಿತ್ತು. ನಾನು ಅದನ್ನು ಗಮನಿಸಿದ್ದು ಅವರಿಗೂ ಕಂಡಿತು. ಕಾಲು ಮುಟ್ಟಿದರೆ ಹಿಮ್ಮಡಿಯ ಹಿಂದೆ ಬಿಸಿ, ಬೆರಳು ತಾಗುತ್ತಲೇ "ಯವ್ವಾ!" ಎಂದು ಎಳೆದುಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಎಣ್ಣೆ ಬಿಸಿಮಾಡಿಕೊಂಡು ಬಂದೇಬಿಟ್ಟರು. ಉಳುಕು ತೆಗೆಯುವುದರಲ್ಲಿ ಓಣಿಗೆಲ್ಲ ಅವರ ಕೈ ಹೆಸರಾದದ್ದು. ಮಧ್ಯಾಹ್ನವೇ ಅತ್ತೆ ಅವರಿಗೆ ಹೇಳಿಕಳಿಸಿದ್ದರಂತೆ.

"ಬ್ಯಾಡ್ರಿ ಅಜ್ಜಿ, ತಿಕ್ಕಬ್ಯಾಡ್ರಿ. ಇದು ಉಳುಕಲ್ಲ," ಎಂದೆ.

"ಸಾಲ್ಯಾಗ ಕಲಿಸೂದು ನಿನಗ ಗೊತ್ತು, ಕಾಲು ನನಗ ಗೊತ್ತು," ಎಂದು ಅವರು ಕೂತೇಬಿಟ್ಟರು. ನಾನು ಅತ್ತೆಯ ಕಾಲಿನ ಮುಂದೆ ಅಡ್ಡ ಕೂತೆ. ಅಜ್ಜಿ ಎಣ್ಣೆಯ ಬಟ್ಟಲು ಅಲ್ಲೇ ಬಿಟ್ಟು ಎದ್ದುಹೋದರು. ಆಮೇಲೆ ಬಹಳ ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಗಂಡ ಬಂದಾಗ ಇನ್ನೊಂದು ಪೇಚು. ಅವರ ಮಾತಿನಲ್ಲೂ ಅರ್ಥವಿತ್ತು.

"ಔಷಧ ನಡುವ ಬಿಟ್ರ ಜ್ವರ ತಿರುಗಿ ಬರ್ತೈತಿ ಅಂತಾರಲ್ಲ. ಪೂರಾ ಮುಗಸಬೇಕು ಅಂತ ನೀನ ಎಲ್ಲಾರಿಗೂ ಹೇಳ್ತಿ. ಈಗ ಬಿಡು ಅಂದ್ರ?"

ನಿಜ, ನಾನೇ ಹೇಳುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೂ ಅದನ್ನೇ ಹೇಳಿದ್ದೆ. ಒಂದು ಕಡೆ ಆ ನಡುಕ ಕಣ್ಣ ಮುಂದೆ ಬರುತ್ತಿತ್ತು, ಇನ್ನೊಂದು ಕಡೆ ನೆಲಕ್ಕೆ ತಾಗದ ಹಿಮ್ಮಡಿ. ನಮ್ಮಷ್ಟಕ್ಕೆ ನಾವು ನುಂಗಿಸುವುದೂ ತಪ್ಪು, ನಮ್ಮಷ್ಟಕ್ಕೆ ನಾವು ಬಿಟ್ಟು ಸುಮ್ಮನಿರುವುದೂ ತಪ್ಪು. ಡಾಕ್ಟರು ಹೇಳಿದ್ದರಲ್ಲಿ ಎರಡು ಮಾತಿದ್ದವು: ನಿಲ್ಲಿಸಿ, ಫೋನ್ ಮಾಡಿ. ರಾತ್ರಿ ಊಟದ ಮೇಲೆ ನುಂಗಬೇಕಾದ ಗುಳಿಗೆಯನ್ನು ಕೊಡಲಿಲ್ಲ, ಫೋನ್ ಹಚ್ಚಿದೆ. ಮೊದಲು ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಾಗ ವಾರ್ಡಿನ ಸಿಸ್ಟರ್ ಎತ್ತಿ, ಹಿಡಿದುಕೊಂಡಿರಿ ಎಂದು ಡಾಕ್ಟರರನ್ನೇ ಕರೆದುಕೊಟ್ಟರು.

"ಗುಳಿಗಿ ನಿಲ್ಲಿಸಿದ್ದು ಛಲೋ ಮಾಡಿದ್ರಿ," ಎಂದರು ಅವರು. "ತಿಕ್ಕಬ್ಯಾಡ್ರಿ, ಕಾಲ ಮ್ಯಾಲೆ ಭಾರ ಹಾಕಿಸಬ್ಯಾಡ್ರಿ. ಕರಕೊಂಡು ಬರ್ರಿ, ಬ್ಯಾರೆ ಔಷಧ ಹಚ್ಚೋಣು. ಜ್ವರ ತಿರುಗಿ ಬರಾಕ ಬಿಡಂಗಿಲ್ಲ ನಾವು."

ಬೆಳಗಾಗುತ್ತಲೇ ಮತ್ತೆ ಬಾಗಲಕೋಟೆಯ ದಾರಿ. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದುವರೆಗೆ ಅವರು ಎಂದೂ ನನ್ನ ಮೈಮೇಲೆ ಕಾಲಿಟ್ಟವರಲ್ಲ, ಸೊಸೆಗೆ ಅಪ್ಪಿತಪ್ಪಿ ಕಾಲು ತಾಗಿದರೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಶಿರೂರು ದಾಟಿದ ಮೇಲೆ ಒಮ್ಮೆಲೇ ಅಂದರು:

"ಮಗ್ಗಕ್ಕ ಕುಂತಿದ್ದೆ. ಸುಳ್ಳು ಯಾಕ ಹೇಳ್ಲಿ."

"ಗೊತ್ತೈತ್ರಿ."

"ಆರಾಮ ಆಗೇನಿ ಅನಿಸಿತ್ತವ್ವಾ. ಆರಾಮ ಆದ ಮ್ಯಾಲೆ ಸುಮ್ಮ ಕುಂದ್ರೂದು ಹೆಂಗ?"

ಬೈಯಬೇಕೆಂದು ಮನೆಯಿಂದ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹಾಗೇ ಉಳಿದವು.

ಸ್ಕ್ಯಾನ್ ಮಾಡಿ ನೋಡಿದರು. ಹುರಿ ಬಾತಿತ್ತು, ಹರಿದಿರಲಿಲ್ಲ. ಇನ್ನೂ ಎಳೆದಾಡಿದ್ದರೆ, ಗುಳಿಗೆ ಮುಂದುವರಿಸಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಮಗ್ಗ ತುಳಿದದ್ದರಿಂದ ಆಯಿತೋ, ಔಷಧದಿಂದಲೇ ಆಯಿತೋ ಎಂದು ನನ್ನ ಗಂಡ ಕೇಳಿದಾಗ, ಎರಡನ್ನೂ ಬಿಡಿಸಿ ಹೇಳುವುದು ಕಷ್ಟ ಎಂದು ಒಪ್ಪಿಕೊಂಡರು. ಉಳಿದ ದಿನಗಳಿಗೆ ಇಂಜೆಕ್ಷನ್ನೇ ಆಯಿತು. ಸೂಜಿ ಹಾಕುವಾಗ ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ. ಈ ಜಾತಿಯ ಔಷಧ ಇನ್ನು ಇವರಿಗೆ ಬೇಡ ಎಂದು ಡಾಕ್ಟರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಯಾವ ದವಾಖಾನೆಗೆ ಹೋದರೂ ಮೊದಲು ಇದನ್ನು ಹೇಳಿ ಎಂದರು.

ಕಾಲು ಸುಧಾರಿಸಲು ತಿಂಗಳುಗಳೇ ಹಿಡಿದವು. ಮೊದಲು ಪಟ್ಟಿ ಕಟ್ಟಿ ವಿಶ್ರಾಂತಿ, ಆಮೇಲೆ ಗೋಡೆಗೆ ಕೈ ಆನಿಸಿ ಮಾಡುವ ಸಣ್ಣಪುಟ್ಟ ವ್ಯಾಯಾಮ. ಮಗ್ಗದ ಮೇಲೆ ಅರ್ಧ ಉಳಿದಿದ್ದ ಸೀರೆಯನ್ನು ನಾದಿನಿ ಬಂದು ಮುಗಿಸಿಕೊಟ್ಟಳು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅವಳ ಪ್ರತಿ ಎಳೆಗೂ ಕೊಂಕು ತೆಗೆದರು. ಮಳೆಗಾಲ ಕಳೆದ ಮೇಲೆ ಡಾಕ್ಟರು ಒಪ್ಪಿಗೆ ಕೊಟ್ಟರು, ಅತ್ತೆ ಮತ್ತೆ ಕುಣಿಗೆ ಇಳಿದರು. ಈಗ ಮೊದಲಿನ ಓಟವಿಲ್ಲ. ಸ್ವಲ್ಪ ನೇಯುತ್ತಾರೆ, ಎದ್ದು ಅಂಗಳದಲ್ಲಿ ಓಡಾಡಿ ಬರುತ್ತಾರೆ. ಮೊಣಕಾಲು ನೋವು ಇದ್ದೇ ಇದೆ. ಅದಕ್ಕೆ ಈಗ ಡಾಕ್ಟರು ಹೇಳಿದ ಔಷಧ ಮಾತ್ರ.

ಮೊನ್ನೆ ನನ್ನ ತವರಿನಿಂದ ತಮ್ಮ ಬಂದಿದ್ದ, ಗಂಟಲು ನೋವು ಅಂದ. ಬಾದಾಮಿಯಲ್ಲಿ ಬಸ್ಸು ಕಾಯುವಾಗ ಔಷಧ ಅಂಗಡಿಯಲ್ಲಿ "ಜೋರದ್ದು ಯಾವುದರ ಕೊಡ್ರಿ" ಎಂದು ಕೇಳಿ ತಂದಿದ್ದನಂತೆ. ನಾನು ಪಟ್ಟಿಯ ಹೆಸರು ಓದಿದೆ, ಅದೇ ಜಾತಿಯದು. ಸಾದಾ ಗಂಟಲು ನೋವಿಗೆ ಇದು ಯಾಕೆ, ಮೊದಲು ಡಾಕ್ಟರಿಗೆ ತೋರಿಸು ಎಂದು ತೆಗೆದಿಟ್ಟೆ. "ಅಷ್ಟ ಕೆಟ್ಟದ್ದೇನ ಅಕ್ಕಾ ಅದು?" ಎಂದು ಅವನು ಹೆದರಿಕೊಂಡ.

ನಾನು ಹೂಂ ಅನ್ನುವುದರೊಳಗೆ ಅತ್ತೆಯೇ ಒಳಗಿನಿಂದ ಮಾತಾಡಿದರು.

"ಕೆಟ್ಟದ್ದು ಯಾಕ ಆಕ್ಕೈತಿ? ಆವತ್ತು ನಾ ಸಾವಿನ ಬಾಗಲತನಾ ಹೋಗಿ ಬಂದಾಕಿ, ಅದರಿಂದನೂ ಉಳಿದೇನಿ. ಅದಕ್ಕ ಬೈಯಬ್ಯಾಡ. ನಿನಗ ಬೇಕಾದಾಗ ಡಾಕ್ಟರ ಕೊಡ್ತಾರ, ಆವಾಗ ತಗೊ. ಈಗ ಬಿಸಿನೀರಾಗ ಉಪ್ಪು ಹಾಕಿ ಗಂಟಲು ತೊಳಕೊ ನಡಿ."

ಅವನು ಎದ್ದು ಬಚ್ಚಲಿಗೆ ಹೋದ. ನಾನು ನೀರು ಕಾಯಿಸಲು ಒಲೆ ಹಚ್ಚಿದೆ.