ಕೆಂಪು ದಾರ ಕಟ್ಟದ ಕಡ್ಡಿ

ಬೆಳಕು ಇನ್ನೂ ಗಟ್ಟಿಯಾಗಿಲ್ಲ. ಉದ್ಯಾನದ ಗಿಡಬೇಲಿಯ ಮುಂದೆ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಕೈಯಲ್ಲಿ ಮೊಬೈಲು, ಅದರ ಕ್ಯಾಮೆರಾಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಮಸೂರ. ಗಡಿಯಾರ ರಿಪೇರಿ ಮಾಡುವ ಗಂಡ ಹಿಂದೆ ಅದನ್ನೇ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಬೇಲಿಯ ಒಣಕಡ್ಡಿಯೊಂದು ಮೆಲ್ಲನೆ ತಲೆ ಎತ್ತುತ್ತದೆ. ಪತಂಗದ ಮರಿಹುಳು. ಆಕೆ ಚಿತ್ರ ತೆಗೆದು, ಅದು ಕುಳಿತ ರೆಂಬೆಗೆ ಕೆಂಪು ದಾರ ಕಟ್ಟುತ್ತಾಳೆ.

ಬಿಸಿಲೇರುವಷ್ಟರಲ್ಲಿ ಇದೇ ಬೇಲಿಯನ್ನು ಕತ್ತರಿಸಬೇಕಾದವಳೂ ಆಕೆಯೇ. ಹನ್ನೊಂದು ವರ್ಷದ ಕೆಲಸ ಮಣಿಕಟ್ಟಿನಲ್ಲಿ ನೋವಾಗಿ ಉಳಿದಿದೆ. ಆಕೆಯ ಲೆಕ್ಕ ಸರಳ: ಕಂಡದ್ದು ಉಳಿಯುತ್ತದೆ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಾಳೆ.

"ಬರಿಗಣ್ಣಿಗೆ ಕಡ್ಡಿ, ಮಸೂರದಲ್ಲಿ ಹುಳ. ಒಂದ್ಸಲ ಕಂಡ್ಮೇಲೆ ಕತ್ತರಿ ಆಡಿಸೋಕೆ ಕೈ ಬರಲ್ಲ."

ದಾರ ಕಟ್ಟಿದ ಕುಚ್ಚುಗಳು ಕತ್ತರಿ ತಾಗದೆ ಅಲ್ಲಲ್ಲಿ ಎದ್ದು ನಿಲ್ಲುತ್ತವೆ. ಉದ್ಯಾನದ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ದಿನವೂ ರೇಗಿಸುತ್ತಾನೆ.

"ಏನಮ್ಮಾ ಭೂತಗನ್ನಡಿ, ಬೇಲಿಗೆ ಅರ್ಧ ಕ್ಷೌರ ಮಾಡಿಟ್ಟಿದ್ದೀಯಲ್ಲ!"

"ಉಳಿದರ್ಧ ಅವೇ ತಿಂದು ಮುಗಿಸ್ತವೆ ಬಿಡಿ ಅಣ್ಣ."

ಇಂದು ಕತ್ತರಿಸುವ ಕೆಲಸ ಮುಗಿದ ಮೇಲೆ ಮೇಸ್ತ್ರಿ ಬೇರೆಯೇ ಸುದ್ದಿ ತರುತ್ತಾನೆ. ಉದ್ಯಾನದ ಬಾಗಿಲಲ್ಲಿ ಆಕೆ ತೆಗೆದ ಒಂದು ಚಿತ್ರವನ್ನು ದೊಡ್ಡದಾಗಿ ಹಾಕುತ್ತಾರಂತೆ, ಹೆಸರಿನ ಸಮೇತ. ಆಕೆ ಸೆರಗಿನಿಂದ ಮೊಬೈಲು ಒರೆಸಿ, ಇದನ್ನೇ ಹಾಕಲಿ ಎಂದು ಬೆಳಗಿನ ಚಿತ್ರವನ್ನು ತೋರಿಸುತ್ತಾಳೆ.

"ಈ ಎರಡು ಕಡ್ಡಿಯಲ್ಲಿ ಹುಳ ಯಾವುದಮ್ಮಾ?"

"ಅಯ್ಯೋ ಅಣ್ಣ, ಇಷ್ಟು ವರ್ಷ ಆದ್ರೂ..." ಆಕೆ ನಗುತ್ತಲೇ ಚಿತ್ರವನ್ನು ಹಿಗ್ಗಿಸುತ್ತಾಳೆ. ನಗು ಅಲ್ಲಿಗೇ ನಿಲ್ಲುತ್ತದೆ. ಹುಳುವಿನ ಹಿಂದೆ, ಪಕ್ಕದ ರೆಂಬೆಯಲ್ಲಿ ಮಸುಕಾಗಿ ಮೂಡಿರುವ ಕಡ್ಡಿಗೂ ಕಾಲುಗಳಿವೆ. ಆ ರೆಂಬೆಗೆ ದಾರ ಕಟ್ಟಿರಲಿಲ್ಲ.

ಆಕೆ ಕತ್ತರಿಸಿದ ಸೊಪ್ಪಿನ ರಾಶಿಯ ಬಳಿ ಮಂಡಿಯೂರುತ್ತಾಳೆ. ಗೋಣಿ ಹಾಸಿ, ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾಳೆ. ಯಾವುದೂ ಮಿಸುಕುವುದಿಲ್ಲ. ಕತ್ತರಿಯ ಅಲಗಿಗೆ ಹಸಿರು ಅಂಟಿದೆ. ಎಲೆಯದೋ, ಹುಳುವಿನದೋ. ಆಕೆ ಅದಕ್ಕೆ ಮಸೂರ ಹಿಡಿಯುವುದಿಲ್ಲ.

"ಹೋಗ್ಲಿ ಬಿಡಮ್ಮ, ಒಂದು ಹುಳಕ್ಕೆ ಇಷ್ಟೊಂದಾ?" ಮೇಸ್ತ್ರಿಯ ದನಿ ತಗ್ಗಿದೆ.

"ಹುಳ ಕಾಯ್ತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲಣ್ಣ."

ಬೇರೆ ಚಿತ್ರ ಕೊಡು ಎಂದು ಮೇಸ್ತ್ರಿ ಹೇಳಿದರೆ ಆಕೆ ಒಪ್ಪುವುದಿಲ್ಲ. ಇದೇ ಇರಲಿ ಎನ್ನುತ್ತಾಳೆ. ಕೇಳಿಕೊಳ್ಳುವುದು ಇಷ್ಟೇ:

"ಹೆಸರು ಬೇಡ. ಕೆಳಗೆ 'ಎರಡು ಹುಳು' ಅಂತ ಬರೆಸಿ. ಒಂದು ಅಂತ ಮಾತ್ರ ಬರೆಸ್ಬೇಡಿ."