ಎರಡು ಸೂರ್ಯ

ಮೊಮ್ಮಗಳು ಇವತ್ತು ಮೊಬೈಲಿನಲ್ಲಿ ದೂರದ ಒಂದು ಗ್ಯಾಲಕ್ಸಿಯ ಚಿತ್ರ ತೋರಿಸಿದಳು. ನಡುವೆ ಬೆಳಕಿನ ಪಟ್ಟಿ, ಅದರ ಎರಡೂ ತುದಿಗಳಿಂದ ಬಾಗಿದ ತೋಳುಗಳು. ನನಗೆ ಕಂಡದ್ದು ಮಿರಜಿನ ಬಸದಿಯಲ್ಲಿ ನಮ್ಮಜ್ಜಿ ಮಣೆಯ ಮೇಲೆ ಅಕ್ಕಿಯಿಂದ ಅರ್ಧ ಬಿಡಿಸಿದ ಸ್ವಸ್ತಿಕ.

ಸಂಸ್ಥಾನ ಇನ್ನೂ ಇದ್ದ ಕಾಲ. ನಾವು ಜೈನರು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾವಿರುವ ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ ಎಂದು ಅಜ್ಜಿ ಬೆರಳ ತುದಿಯಿಂದ ಅಕ್ಕಿ ಸರಿಸುತ್ತಲೇ ಕಲಿಸಿದ್ದಳು. ಹಾಗಾಗಿ ಮಾಸ್ತರರು ಮರಾಠಿಯಲ್ಲಿ "ಸೂರ್ಯ ಕಿತಿ?" ಎಂದು ಕೇಳಿದಾಗ ನಾನು "ದೋನ", ಎರಡು, ಎಂದೆ. ಇಡೀ ವರ್ಗ ನಕ್ಕಿತು. ಒಂದು ಎನ್ನುವವರೆಗೆ ನಿಂತಿರು ಎಂದರು. ಗಂಟೆ ಬಾರಿಸುವವರೆಗೂ ನಿಂತೆ.

ಮರುದಿನ ಬೆಳಿಗ್ಗೆ ಬಸದಿಯಲ್ಲಿ ಅಜ್ಜಿಯನ್ನೇ ಕೇಳಿದೆ: "ನಮಗ ಒಂದ ಸೂರ್ಯ ಕಾಣತೈತಲ್ಲ?"

ಅಜ್ಜಿ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಕಾಣದ್ದೆಲ್ಲಾ ಇಲ್ಲ ಅನ್ನಾಕ ನಿಮ್ಮ ಮಾಸ್ತರು ಹೋಗಿ ನೋಡಿ ಬಂದಾರೇನು?"

ಶಾಲೆಯಲ್ಲಿ ಅವತ್ತೂ ನಿಂತೆ. ಅದರ ಮರುದಿನವೂ ನಿಂತೆ. ಕಾಲು ಜೋಮು ಹಿಡಿದರೂ ನನ್ನ ಬಾಯಿಂದ "ಒಂದು" ಬರಲಿಲ್ಲ. ಕೊನೆಗೆ ಬೇಸತ್ತು ಮಾಸ್ತರರೇ ಕೇಳುವುದನ್ನು ಬಿಟ್ಟರು.

"ಇದು ನಮ್ಮ ಆಕಾಶಗಂಗೆ ಹಂಗ ಐತಂತ. ಇದರಾಗೂ ಕೋಟಿ ಕೋಟಿ ಸೂರ್ಯ ಅದಾವಂತ" ಎಂದು ಮೊಮ್ಮಗಳು ಓದಿ ಹೇಳಿದಳು.

ನನ್ನದೂ ತಪ್ಪಿತ್ತು, ಮಾಸ್ತರೇ. ಎರಡು ಅಂದದ್ದು ತೀರಾ ಕಡಿಮೆಯಾಯಿತು.