ಕುಂಕುಮ ಹಚ್ಚಿದ ಡಿಸ್ಕು

ನಮ್ಮತ್ತಿ ಕಂಪ್ಯೂಟರ್ ನೋಡೂದಿಲ್ಲ, ಮುಟ್ಟತಾರ. ಇದು ಗೊತ್ತಿಲ್ಲದೇ ಎಷ್ಟೋ ಮಂದಿ ನಮ್ಮ ಅಂಗಡ್ಯಾಗ ಕಾರ್ಡ್ ಮಾಡಿಸ್ಕೊಂಡು ಹೋಗ್ಯಾರ. ಅಫಜಲಪುರದಾಗ ಲಗ್ನದ್ದು, ತೊಟ್ಟಿಲದ್ದು, ಹೊಸಾ ಮನಿ ಪ್ರವೇಶದ್ದು, ಹಿಂಗ ಎಲ್ಲಾ ಥರದ ಕಾರ್ಡ್ ಟೈಪ್ ಮಾಡಿ ಕೊಡೋ ಸಣ್ಣ ಅಂಗಡಿ ನಮ್ಮದು. ಅತ್ತಿ ಟೈಪ್ ಮಾಡ್ತಾರ, ಮಾವ ಕಾಗದ ಕತ್ತರಸ್ತಾರ, ನಾ ಗಿರಾಕಿ ಜೋಡಿ ಜಗಳಾಡ್ತೇನಿ. ಯಾರರ ಒಬ್ಬರು ಆಡಬೇಕಲ್ಲ.

ಸಕ್ಕರಿ ಬ್ಯಾನಿ ಅತ್ತಿ ಕಣ್ಣು ತಿಂದು ಭಾಳ ವರ್ಷಾತು. ಕರೇ ಪರದೆ ಮ್ಯಾಲ ಹಳದಿ ಅಕ್ಷರ ಇರಬೇಕು, ಅದೂ ಅಂಗೈಯಷ್ಟು ದೊಡ್ಡು. ಮೂಗು ಹತ್ತೂ ಹಂಗ ಕುಂತ್ರ ಏನೋ ಅದ ಅಂತ ಕಾಣತದ ಅಷ್ಟ. ಉಳದದ್ದೆಲ್ಲಾ ಬೆರಳಿನ ಕೆಲಸ. ಯಾವ ಕೀ ಒತ್ತಿದ್ರ ಯಾವ ಅಕ್ಷರ, ಯಾವದಕ್ಕ ಹೂವಿನ ಅಂಚು, ಯಾವದಕ್ಕ ಗಣಪತಿ, ಎಲ್ಲಾ ತಮ್ಮ ಕೈಗೆ ತಕ್ಕಂಗ ಜೋಡಿಸ್ಕೊಂಡಾರ. ಆ ಹಳೇ ಕನ್ನಡ ಸಾಫ್ಟ್‌ವೇರ್ ಈಗ ಎಲ್ಲೂ ಸಿಗೂದಿಲ್ಲ. ಅದರ ಸೀಡಿ ಎಲ್ಲ್ಯದ ಅಂತೀರಿ? ಜ್ವಾಳಕ್ಕ ಗುಬ್ಬಿ ಬರ್ತಾವಂತ ಮಾವ ಒಯ್ದು ಹೊಲದಾಗ ಕಟ್ಟಿದ್ರು. ಗುಬ್ಬಿನೂ ಹೋದ್ವು, ಸೀಡಿನೂ ಹೋತು.

ಹಂಗಾಗಿ ಹಳೇ ಕಂಪ್ಯೂಟರ್ ಅರ್ಧಾ ಕಾರ್ಡಿನ್ಯಾಗ ಗಪ್ಪನ ಆರಾಕತ್ತಾಗ ನಮಗ ಜೀವ ಬಾಯಿಗೆ ಬಂತು. ಹುಡುಕ್ಯಾಡಿ ಅದರ ಅವಳಿ ಜವಳಿಯಂಥಾದು ಒಂದು ಸೆಕೆಂಡ್ ಹ್ಯಾಂಡ್ ತಂದ್ವಿ. ರಿಪೇರಿಯವ ಆಳಂದದವ, ನಮಗ ಭಾಳ ವರ್ಷದ ಪರಿಚಯ. ಬಂದು ನೋಡಿದವನೇ, "ಅಕ್ಕಾರ, ಹೊಸಾ ಸಿಸ್ಟಮ್ ಹಾಕಿ ಕೊಡ್ತೇನ್ರಿ, ಜಬರದಸ್ತ್ ಓಡತದ" ಅಂದ.

"ಓಡಿ ಎಲ್ಲಿಗೆ ಹೋಗೂದದಲೇ? ನಮ್ಮತ್ತಿ ಕುಂತಲ್ಲೇ ಕೂಡೋರು. ಇದರಾಗ ಏನೇನ ಅದ, ಎಲ್ಲೆಲ್ಲಿ ಅದ, ಹಂಗ ಎತ್ತಿ ಅದರಾಗ ಇಡು. ಒಂದು ಕೂದಲಾ ಅಲುಗಬಾರದು."

"ಆಗತದ್ರಿ. ಇಡೀ ಡಿಸ್ಕೇ ಕಾಪಿ ಹೊಡೀತೇನಿ" ಅಂತ ಚೀಲದಾಗಿಂದ ಒಂದು ಡಬ್ಬಿ ತಗದ. ಅದಕ್ಕ ಎರಡು ಬಾಯಿ. ಒಂದರಾಗ ತುಂಬಿದ ಡಿಸ್ಕ್, ಇನ್ನೊಂದರಾಗ ಖಾಲಿ ಡಿಸ್ಕ್ ಇಟ್ಟು ಗುಂಡಿ ಒತ್ತಿದ್ರ ತುಂಬಿದ್ದರಾಗ ಇದ್ದದ್ದೆಲ್ಲಾ ಖಾಲಿದಕ್ಕ ಇಳೀತದ. ಅತ್ತಿ ಕಿವಿಗೊಟ್ಟು ಕೇಳಾಕತ್ತಿದ್ರು.

"ಎಲ್ಲಾ ಬರತದಲ್ಲೋ ತಮ್ಮಾ? ಬರಲಿಲ್ಲಂದ್ರ ನಾ ಮನ್ಯಾಗ ಬ್ಯಾಳಿ ಆರಿಸ್ಕೋತ ಕೂಡಬೇಕು ನೋಡು. ಅದೂ ಕಾಣೂದಿಲ್ಲ."

ಅವ ಎರಡೂ ಡಿಸ್ಕ್ ಬಿಚ್ಚಿ ಟೇಬಲ್ ಮ್ಯಾಲಿಟ್ಟು ಕೈ ತೊಳಿಯಾಕ ಹಿತ್ತಲಕ್ಕ ಹ್ವಾದ. ನಾ ಚಾ ಮಾಡಾಕ ಒಳಗ ಹ್ವಾದೆ. ಎರಡೂ ಒಂದೇ ಕಂಪನಿ, ಒಂದೇ ಅಳತಿ, ನೋಡಾಕ ಏನೂ ಫರಕಿಲ್ಲ. ಅತ್ತಿ ಟೇಬಲ್ ತಡವರಿಸಿ, ಎರಡನ್ನೂ ಕೈಯಾಗ ಹಿಡದು, "ನಮ್ಮದು ಯಾವದ್ರಿ?" ಅಂತ ಮಾವನ್ನ ಕೇಳ್ಯಾರ. ಮಾವ ತೋರಿಸ್ಯಾರ. ಅದಕ್ಕ ವಿಭೂತಿ ಬಳದು, ನಡಕ ಕುಂಕುಮ ಹಚ್ಚಿ ಇಟ್ಟಾರ. ನಮ್ಮಲ್ಲಿ ಹೆಣಮಗಳು ಮನಿ ಬಿಟ್ಟು ಹೊಂಟ್ಲಂದ್ರ ಕುಂಕುಮ ಹಚ್ಚದೇ ಹೊಸ್ತಿಲಾ ದಾಟಸೂದಿಲ್ಲ. ಇಷ್ಟು ವರ್ಷ ಮನ್ಯಾಗ ದುಡದದ, ಬೋಳ ಹಣಿಲೆ ಕಳಸಬೇಕೇನು ಅಂತ ಅವರ ವಿಚಾರ.

ರಿಪೇರಿಯವನ ವಿಚಾರ ಬ್ಯಾರೆ. ಹೊಸಾ ಗಾಡಿಗೆ ಕುಂಕುಮ, ಹೊಸಾ ಟ್ರ್ಯಾಕ್ಟರಿಗೆ ಕುಂಕುಮ, ಹೊಸಾ ಮಿಕ್ಸರಿಗೂ ಕುಂಕುಮ. ಬಂದು ನೋಡಿದ, ಕುಂಕುಮ ಹಚ್ಚಿದ್ದೇ ಹೊಸಾದು ಅಂತ ಎತ್ತಿ ಖಾಲಿ ಡಿಸ್ಕಿನ ಬಾಯಾಗ ಇಟ್ಟು ಗುಂಡಿ ಒತ್ತೇ ಬಿಟ್ಟ.

ನಾ ಚಾ ತಗೊಂಡು ಬರೂದ್ರಾಗ ದೀಪ ಮಿಣಿಮಿಣಿ ಅನ್ನಾಕತ್ತಿತ್ತು. ಖಾಲಿ ಡಿಸ್ಕಿನ ಬಾಯಾಗ ಕುಂಕುಮ ಕಂಡದ್ದೇ, ಅತ್ತಿ ಹೊಂಟದ್ದಕ್ಕೇ ಹಚ್ಚೋರು ಅಂತ ಗೊತ್ತಿದ್ದ ನಾ ಒದರಿದೆ. "ಅಯ್ಯ ನಿನ್ನ ಕೈ ಸೇದ್ಲಿ! ಕುಂಕುಮ ಹಚ್ಚಿದ್ದು ಹಳೇದಲ್ಲೋ!"

"ಹಳೇದಕ್ಕ ಯಾರ್ರಿ ಪೂಜಾ ಮಾಡ್ತಾರ?" ಅಂದ ಅವ, ಅಂದು ತಾನೇ ಬೆಂವತು ಹ್ವಾದ. ಕಿತ್ತು ತಗದ್ವಿ. ಕಾರ್ಡುಗಳೇನೋ ಪೆನ್ ಡ್ರೈವಿನ್ಯಾಗ ಬ್ಯಾರೆ ಇದ್ವು, ಉಳದ್ವು. ಸಿಸ್ಟಮ್ಮು, ಆ ಸಾಫ್ಟ್‌ವೇರು, ಅತ್ತಿ ಜೋಡಿಸ್ಕೊಂಡಿದ್ದ ಕೀ ಎಲ್ಲಾ ಅಳಿಸಿ ಹೋಗಿದ್ವು. ಚಾಲೂ ಮಾಡಿದ್ರ ಕರೇ ಪರದೆ ಮ್ಯಾಲ ಒಂದು ಬಿಳೇ ಗೆರಿ ಕಣ್ಣು ಹೊಡಕೋತ ಕುಂತಿತ್ತು. ನನಗ ಅವನ ಮ್ಯಾಲ ಸಿಟ್ಟು, ಅತ್ತಿ ಮ್ಯಾಲ ಸಿಟ್ಟು, ಚಾ ಕುದಿಯೋತನ ಒಲಿ ಮುಂದ ನಿಂತ ನನ್ನ ಮ್ಯಾಲೂ ಸಿಟ್ಟು.

ಅತ್ತಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಮರುದಿನ ಖರೇನೇ ಮೊರದಾಗ ತೊಗರಿ ಬ್ಯಾಳಿ ಹಾಕ್ಕೊಂಡು ಕುಂತ್ರು. ಬೆರಳು ಬ್ಯಾಳಿ ಮ್ಯಾಲ ಟೈಪ್ ಮಾಡಿದಂಗ ಆಡಾಕತ್ತಿದ್ವು. ಅದನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ, ಎದ್ದು ಅಡಗಿ ಮನಿಗೆ ಹೋಗಿ ಕಣ್ಣೀರು ಹಾಕಿದೆ.

ಆ ಗದ್ದಲದಾಗ ಮೊಸರಿನ ಗಡಿಗಿ ಮುಚ್ಚೂದು ಮರತಿದ್ದೆ, ಬೆಕ್ಕು ಬಳದು ತಿಂದಿತ್ತು. ಹೆಪ್ಪಿಗಂತ ಒಂದು ಚಮಚೆನೂ ಉಳದಿರಲಿಲ್ಲ. ಬಟ್ಟಲಾ ಹಿಡಕೊಂಡು ಬಾಜೂ ಮನಿಗೆ ಹ್ವಾದೆ. ಆಕಿ ಹಾಕಿ ಕೊಟ್ಟು, "ಒಯ್ಯವ್ವಾ, ನಿಮ್ಮದೇ ಅದು. ನಮ್ಮದು ಕೆಟ್ಟಾಗ ನೀವೇ ಹೆಪ್ಪು ಕೊಟ್ಟಿದ್ರಿ" ಅಂದ್ಲು. ಬಟ್ಟಲಾ ಕೈಯಾಗ ಹಿಡಕೊಂಡು ಓಣ್ಯಾಗ ಹಂಗ ನಿಂತೆ. ಜೇವರ್ಗಿ!

ಅತ್ತಿಗೆ ಒಬ್ಬಾಕಿ ಮಗಳು, ನನ್ನ ನಾದಿನಿ. ಜೇವರ್ಗಿಗೆ ಕೊಟ್ಟದ. ಅಲ್ಲಿ ಆಕಿದೂ ಇಂಥಾದೇ ಅಂಗಡಿ. ಆಕಿ ಅಂಗಡಿ ತಗದಾಗ ಎರಡು ಕಂಪ್ಯೂಟರ್ ಜೋಡೀಲೇ ತಂದು, ನಮ್ಮದರಾಗಿಂದು ಎಲ್ಲಾ ಆಕಿದಕ್ಕ ತುಂಬಿಸಿ ಕೊಟ್ಟಿದ್ವಿ. ಫೋನ್ ಮಾಡಿ ಕೇಳಿದೆ.

"ಹಂಗೇ ಅದ ವೈನಿ" ಅಂದ್ಲು. "ನಾ ಏನೂ ಮುಟ್ಟಿಲ್ಲ. ಅವ್ವನ್ನೂ ಕರಕೊಂಡು ಬರ್ರಿ."

ಅವ್ವ ಹೋಗೂದಂದ್ರ ಸುಮ್ನೇನು? ಪಂಚಮಿಗೆ ಕರದ್ರ "ಅಂಗಡಿ ಬಿಟ್ಟು ಹೆಂಗ ಬರ್ಲಿ", ಎಳ್ಳಮಾಸಿಗೆ ಕರದ್ರ "ಅಂಗಡಿ ಬಿಟ್ಟು ಹೆಂಗ ಬರ್ಲಿ". ಹೋದ್ರೂ ಮುಂಜಾನೆ ಹೋಗಿ ಸಂಜಿಗೆ ಬರೋರು. ಈ ಸಲ ಬಿಟ್ಟು ಹೋಗಾಕ ಅಂಗಡೇ ಇರಲಿಲ್ಲ. ನಿಮ್ಮ ಬೆರಳು ಹೌದಂದ ಮ್ಯಾಲೇ ಖಾತ್ರಿ ಅಂತ ಹೇಳಿ ನಾ ಬಸ್ಸಿಗೆ ಹತ್ತಿಸಿದೆ. ಡಿಸ್ಕ್ ರೊಟ್ಟಿ ಅರಿವಿಯಾಗ ಸುತ್ತಿ ತೊಡಿ ಮ್ಯಾಲಿಟ್ಕೊಂಡ್ರು. ಘತ್ತರಗಿ ಬಂತೇನ ಅಂತ ಕೇಳಿ ಕೇಳಿ, ಬಂತಂದ ಕೂಡ್ಲೇ ಅಲ್ಲಿಯ ದೇವಿ ಭಾಗ್ಯವಂತಿಗೆ ಕೈ ಮುಗದ್ರು.

ಆಳಂದದ ರಿಪೇರಿಯವ ಮೋಟರ್ ಸೈಕಲ್ ಮ್ಯಾಲ ನಮಗಿಂತ ಮೊದಲೇ ಬಂದು ಕುಂತಿದ್ದ. ಅವ ನಾದಿನಿ ಮಷೀನಿನ ಡಿಸ್ಕಿಗೆ ಪಟ್ಟಿ ಅಂಟಿಸಿ "ತುಂಬಿದ್ದು" ಅಂತ ಬರದು, ನನ್ನ ಕಡಿಂದ ಓದಿಸಿದ, ಆಕಿ ಕಡಿಂದ ಓದಿಸಿದ, ಅತ್ತಿ ಕಡಿಂದ ಮುಟ್ಟಿಸಿದ. ಕೆಟ್ಟ ಮ್ಯಾಲ ಬುದ್ಧಿ ಬಂತು ಅಂತ ನಾ ಅಂದೆ. ಅವ ಪಟ್ಟಿ ಇನ್ನೊಮ್ಮೆ ತಾನೇ ಓದ್ಕೊಂಡ, ಪಾಪ.

ಕಾಪಿ ಮುಗದು, ನಮ್ಮ ಡಿಸ್ಕನ್ನೇ ಆಕಿ ಮಷೀನಿಗೆ ಹಾಕಿ ಚಾಲೂ ಮಾಡಿದ. ಕರೇ ಪರದೆ ಮ್ಯಾಲ ಅಂಗೈಯಷ್ಟು ಹಳದಿ ಅಕ್ಷರ ಬಂದ್ವು. ಅತ್ತಿ ಕುಂತು ಬೆರಳಿಟ್ರು. ಹೂವಿನ ಅಂಚು ಬಂತು. ಗಣಪತಿ ಬಂದ. ಒಂದು ಕಡೆನೂ ಕೈ ತಡವರಿಸಲಿಲ್ಲ. ನಾ "ಯವ್ವಾ" ಅಂತ ನೆಲಕ್ಕ ಕುಂತೇ ಬಿಟ್ಟೆ.

ಅತ್ತಿ ಒಮ್ಮೆಲೇ ನಿಂದರಿಸಿದ್ರು. ಮಗಳ ಕಡೆ ಹೊಳ್ಳಿ, "ಅಲ್ಲಬೇ, ನಿನ್ನ ಕಣ್ಣು ಚಲೋ ಅವಲ್ಲ. ನಿನಗ್ಯಾಕ ಇಷ್ಟು ದೊಡ್ಡ ಅಕ್ಷರ? ಈ ಹಳದಿ ಯಾಕ?"

"ತಲಿ ನೂಸತದ ಅವ್ವಾ ಅದನ್ನ ನೋಡಿ ನೋಡಿ" ಅಂದ್ಲು ನಾದಿನಿ. "ಆದ್ರ ನೀ ಎಂದರ ಬಂದು ಕುಂತ್ರ ತಡಕಾಡಬಾರದಲ್ಲ. ಅದಕ್ಕ ಬಿಟ್ಟೇನಿ."

ಅತ್ತಿ ಸೆರಗಿಲೆ ಕಣ್ಣು ಒರಸ್ಕೊಂಡ್ರು. ನಾನೂ ಒರಸ್ಕೊಂಡೆ. ಆಮ್ಯಾಲ ಅವರು ಟೇಬಲ್ ಮ್ಯಾಲ ಯಾವದೋ ಲಗ್ನದ ಕಾರ್ಡಿನ ಮಜಕೂರ ಬರದ ಚೀಟಿ ಕೈಗೆ ಹತ್ತಿದ್ದೇ, "ಇದನ್ನ ಓದಬೇ" ಅಂತ ಮಗಳಿಗೆ ಕೊಟ್ರು. ಆಕಿ ಓದಿದ್ಲು, ಇವರು ಹೊಡದ್ರು. ನಮ್ಮ ಡಿಸ್ಕ್ ತಗದು ಆಕಿದು ಹಾಕಿದ ಕೂಡ್ಲೇ ಇನ್ನೊಂದು ಕಾರ್ಡ್ ಕೇಳಿದ್ರು.

ಬಸ್ಸಿನ ಹೊತ್ತಾತು. ನಾದಿನಿ ಕುಂಕುಮದ ಬಟ್ಟಲಾ ತಂದು ನನ್ನ ಹಣಿಗೆ ಹಚ್ಚಿದ್ಲು, ಹಂಗೇ ರೂಢಿ ಮ್ಯಾಲ ಡಿಸ್ಕಿನ ಕಡೆ ಬೆರಳು ಚಾಚಿದ್ಲು. "ಅದಕ್ಕ ಬ್ಯಾಡಬೇ!" ಅಂತ ನಾನೂ ರಿಪೇರಿಯವನೂ ಕೂಡೇ ಒದರಿದ್ವಿ. ಎಲ್ಲಾರೂ ನಕ್ವಿ. ಆಕಿ ನಕ್ಕೋತ ಅವ್ವನ ಕಡೆ ಬಟ್ಟಲಾ ಹಿಡದ್ಲು.

ಅತ್ತಿ ಕೀ ಮ್ಯಾಲಿಂದ ಕೈ ತಗೀಲಿಲ್ಲ. "ನನಗ್ಯಾಕ ಹಚ್ಚತೀಬೇ?" ಅಂದ್ರು. "ನಾ ಎಲ್ಲಿ ಹೊಂಟೇನಿ?"